ಬ್ಲಾಕ್‌ಚೈನ್: ಖಾತೆ ಪುಸ್ತಕ ಯಾರ ಕೈಯಲ್ಲಿ?

ಪ್ರಶ್ನೆ: ನಮ್ಮದು ಸರಕು ಸಾಗಣೆ ಸಂಸ್ಥೆ. ಗೋದಾಮು, ವಿಮಾ ಕಂಪನಿ ಮತ್ತು ಬ್ಯಾಂಕಿನೊಡನೆ ದಿನವೂ ದಾಖಲೆ ಹಂಚಿಕೊಳ್ಳಬೇಕಾಗುತ್ತದೆ. ಇದಕ್ಕೆ ಬ್ಲಾಕ್‌ಚೈನ್ ಅಳವಡಿಸಿಕೊಳ್ಳುವಂತೆ ಸಲಹೆಗಾರರೊಬ್ಬರು ಒತ್ತಾಯಿಸುತ್ತಿದ್ದಾರೆ. ನಿಜಕ್ಕೂ ಪ್ರಯೋಜನವಿದೆಯೇ?

ಉತ್ತರ: ಖಾತೆ ಪುಸ್ತಕವನ್ನು ಇಟ್ಟುಕೊಳ್ಳಲು ನೀವು ನಾಲ್ವರೂ ಒಪ್ಪುವಂಥವರು ಒಬ್ಬರೂ ಇಲ್ಲವೇ ಎಂದು ಸಲಹೆಗಾರರನ್ನು ಮೊದಲು ಕೇಳಿ. ಇದ್ದರೆ, ಸಾಧಾರಣ ಡೇಟಾಬೇಸ್ ಸಾಕು. ಅದು ಅಗ್ಗವೂ ಹೌದು, ಕೆಟ್ಟಾಗ ಸರಿಪಡಿಸುವವರೂ ಸುಲಭವಾಗಿ ಸಿಗುತ್ತಾರೆ.

2009ರಲ್ಲಿ ಬಿಟ್‌ಕಾಯಿನ್‌ನೊಂದಿಗೆ ಬಳಕೆಗೆ ಬಂದ ಬ್ಲಾಕ್‌ಚೈನ್, ಪರಸ್ಪರ ಪರಿಚಯವೇ ಇಲ್ಲದವರು ಒಂದೇ ಲೆಕ್ಕವನ್ನು ಒಪ್ಪಿಕೊಳ್ಳಲೆಂದು ರೂಪುಗೊಂಡದ್ದು. ಪುಸ್ತಕದ ಪ್ರತಿ ಎಲ್ಲರ ಬಳಿಯೂ ಇರುತ್ತದೆ. ಪ್ರತಿ ಪುಟವೂ ಹಿಂದಿನ ಪುಟದ ಹ್ಯಾಶ್ ಅನ್ನು, ಅಂದರೆ ಅದರಲ್ಲಿ ಬರೆದದ್ದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಸಂಕೇತವನ್ನು, ಹೊತ್ತಿರುವುದರಿಂದ ಹಳೆಯದನ್ನು ಗುಟ್ಟಾಗಿ ತಿದ್ದಲಾಗದು. ಆದರೆ ಬರೆದದ್ದು ನಿಜವೇ ಎಂಬುದನ್ನು ಅದು ನೋಡುವುದಿಲ್ಲ. ಗೋದಾಮಿನ ಗುಮಾಸ್ತರು 1,800 ಕಿಲೋ ಎನ್ನುವಲ್ಲಿ 18,000 ಎಂದು ನಮೂದಿಸಿದರೆ, ಆ ತಪ್ಪೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ತಿದ್ದುಪಡಿಯನ್ನು ಇನ್ನೊಂದು ನಮೂದಾಗಿಯೇ ಸೇರಿಸಬೇಕು. ಅಳಿಸಲಾಗದ ಈ ಗುಣ, ವೈಯಕ್ತಿಕ ಮಾಹಿತಿಯನ್ನು ಅಳಿಸಿಸುವ ಹಕ್ಕು ನೀಡುವ ಐರೋಪ್ಯ ಒಕ್ಕೂಟದ ಜಿಡಿಪಿಆರ್‌ನಂಥ ಕಾನೂನಿನೊಂದಿಗೂ ತಿಕ್ಕಾಡುತ್ತದೆ.

ನಿಮ್ಮ ಕ್ಷೇತ್ರದಲ್ಲೇ ಒಂದು ಉದಾಹರಣೆಯಿದೆ. ಹಡಗು ಸಾಗಣೆ ಕಂಪನಿ ಮಾರ್ಸ್ಕ್ ಮತ್ತು ತಂತ್ರಜ್ಞಾನ ಕಂಪನಿ ಐಬಿಎಂ ಕಟ್ಟಿದ ಟ್ರೇಡ್‌ಲೆನ್ಸ್ ವೇದಿಕೆ ಹಡಗು ಸಾಗಣೆಯ ದಾಖಲೆಗಳನ್ನು ಬ್ಲಾಕ್‌ಚೈನ್ ಮೂಲಕ ಹಂಚುತ್ತಿತ್ತು. ಇಡೀ ಉದ್ಯಮದ ಸಹಭಾಗಿತ್ವ ಸಿಗಲಿಲ್ಲವೆಂದು 2022ರ ನವೆಂಬರ್‌ನಲ್ಲಿ ಅದನ್ನು ಮುಚ್ಚುವ ಘೋಷಣೆಯಾಯಿತು. ಪೈಪೋಟಿಗಾರನೇ ಕಟ್ಟಿದ ಮನೆಗೆ ತಮ್ಮ ಕಡತ ಹೊತ್ತು ಹೋಗಲು ಉಳಿದವರು ಹಿಂಜರಿಯುವುದು ಸಹಜವೇ. ತಂತ್ರಜ್ಞಾನ ಆ ಹಿಂಜರಿಕೆಯನ್ನು ಕಳೆಯದು.

ಇದಕ್ಕೆ ಪ್ರತಿಯಾಗಿ ಎಸ್ಟೋನಿಯಾವನ್ನು ನೋಡಿ. ಅಲ್ಲಿ 2001ರಿಂದ ನಡೆಯುತ್ತಿರುವ ಎಕ್ಸ್-ರೋಡ್ ಎಂಬ, ಸಂಸ್ಥೆಗಳ ನಡುವೆ ಮಾಹಿತಿ ಸಾಗಿಸುವ ವ್ಯವಸ್ಥೆ ಬ್ಲಾಕ್‌ಚೈನ್ ಅಲ್ಲ. ಮಾಹಿತಿ ಆಯಾ ಸಂಸ್ಥೆಯಲ್ಲೇ ಇರುತ್ತದೆ. ಕೇಳಿದವರಿಗೆ, ಅನುಮತಿಯಿದ್ದಷ್ಟು ಮಾತ್ರ, ನೇರವಾಗಿ ಹೋಗುತ್ತದೆ. ಹೋದದ್ದಕ್ಕೆ ಡಿಜಿಟಲ್ ಸಹಿ ಮತ್ತು ಸಮಯದ ಮುದ್ರೆಯಿರುವ ದಾಖಲೆ ಉಳಿಯುತ್ತದೆ. ನಿಮ್ಮ ಅಗತ್ಯಕ್ಕೆ ಈ ಮಾದರಿಯೇ ಹತ್ತಿರವೆಂದು ನನಗೆ ತೋರುತ್ತದೆ.

ಮುಂದೆ ವ್ಯಾಜ್ಯ ಬರಬಹುದೆಂಬ ಭಯವಿದ್ದರೆ, ದಾಖಲೆಯನ್ನು ನಿಮ್ಮಲ್ಲೇ ಇಟ್ಟುಕೊಂಡು ಅದರ ಎಸ್‌ಎಚ್‌ಎ-256 ಎಂಬ ವಿಧಾನದ ಹ್ಯಾಶ್ ಅನ್ನು ಮಾತ್ರ ಹಂಚಿಕೆಯ ಪುಸ್ತಕಕ್ಕೆ ಸೇರಿಸಬಹುದು. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ 64 ಅಕ್ಷರಗಳ ಸಾಲು ಪೂರ್ತಿ ಬೇರೆಯಾಗುತ್ತದೆ. ಆದರೆ ತೂಕವನ್ನು ಕಿಲೋದಲ್ಲಿ ಬರೆಯಬೇಕೋ ಟನ್ನಿನಲ್ಲೋ, ತಪ್ಪಾದರೆ ತಿದ್ದುವ ಅಧಿಕಾರ ಯಾರದು ಎಂಬುದನ್ನು ನೀವು ನಾಲ್ವರೂ ಕೂತು ಮೊದಲೇ ತೀರ್ಮಾನಿಸಿಕೊಂಡಿರಬೇಕು.