ವಿವಾಲ್ಡಿ ಹಳಬ, ರೆಕಾರ್ಡಿಂಗ್ ಹೊಸದು

ಪ್ರಶ್ನೆ: ನಮ್ಮ ಸಂಸ್ಥೆಯ 30 ಸೆಕೆಂಡಿನ ಜಾಹೀರಾತಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನಕಾರ ವಿವಾಲ್ಡಿಯ ‘ಫೋರ್ ಸೀಸನ್ಸ್’ನ ಒಂದು ತುಣುಕನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು ಹಾಕಿದೆವು. ಯೂಟ್ಯೂಬ್‌ಗೆ ಏರಿಸಿದ ಕೂಡಲೇ ಕಾಪಿರೈಟ್ ಕ್ಲೇಮ್ ಬಂತು. ಅಷ್ಟು ಹಳೆಯ ಸಂಗೀತಕ್ಕೂ ಹಕ್ಕುದಾರರಿದ್ದಾರೆಯೇ? ಅದೂ ಅಲ್ಲದೆ ಸಂಗೀತ ಕೊನೆಯಲ್ಲಿ ಕಡಿದು ಹಾಕಿದಂತೆ ನಿಲ್ಲುತ್ತದೆ, ಮಾತೂ ಸ್ಪಷ್ಟವಾಗಿ ಕೇಳುವುದಿಲ್ಲ.

ಉತ್ತರ: ವಿವಾಲ್ಡಿ ತೀರಿಕೊಂಡದ್ದು 1741ರಲ್ಲಿ. ಅವನ ಕೃತಿಯನ್ನು ಯಾರು ಬೇಕಾದರೂ ನುಡಿಸಬಹುದು. ಆದರೆ ನೀವು ಬಳಸಿದ್ದು ಯಾವುದೋ ಆರ್ಕೆಸ್ಟ್ರಾ ನುಡಿಸಿದ ರೆಕಾರ್ಡಿಂಗನ್ನು. ಕೃತಿಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಎರಡನೆಯದು ಸಾಮಾನ್ಯವಾಗಿ ರೆಕಾರ್ಡ್ ಕಂಪನಿಯ ಕೈಯಲ್ಲಿರುತ್ತದೆ, ಕ್ಲೇಮ್ ಬಂದಿರುವುದೂ ಅಲ್ಲಿಂದಲೇ.

ಕೃತಿಯ ವಿಷಯದಲ್ಲೂ ‘ಹಳೆಯದು’ ಎಂದು ಊಹಿಸಿ ಮುಂದುವರಿಯಬೇಡಿ. ರಚನಕಾರ ತೀರಿಕೊಂಡ ಮೇಲೆ ಭಾರತದಲ್ಲಿ 60 ವರ್ಷ, ಯುರೋಪಿನಲ್ಲಿ 70 ವರ್ಷ ಹಕ್ಕು ಉಳಿಯುತ್ತದೆ. ಟ್ರೇಲರ್‌ಗಳಲ್ಲಿ ಗುಡುಗುವ ‘ಓ ಫೋರ್ಚೂನಾ’ ಮಧ್ಯಯುಗದ್ದೆಂದು ಅನೇಕರು ನಂಬಿದ್ದಾರೆ. ಸಾಹಿತ್ಯವೇನೋ ಹಳೆಯದೇ, ಆದರೆ ಸಂಗೀತ ಕಾರ್ಲ್ ಓರ್ಫ್‌ನದು, ಆತ ತೀರಿಕೊಂಡದ್ದು 1982ರಲ್ಲಿ. ಇದಕ್ಕಿಂತ ದೊಡ್ಡ ಬಲೆ ‘ಆಲ್ಬಿನೋನಿಯ ಅಡಾಜಿಯೊ’. ಆಲ್ಬಿನೋನಿ 1751ರಲ್ಲೇ ಹೋದ. ಅವನ ಹೆಸರಿನ ಈ ಕೃತಿಯನ್ನು ಬಹುಮಟ್ಟಿಗೆ ತಾನೇ ರಚಿಸಿ 1958ರಲ್ಲಿ ಪ್ರಕಟಿಸಿದವನು ರೆಮೊ ಜಿಯಾಜೊಟ್ಟೊ. ಅವನು ಬದುಕಿದ್ದು 1998ರವರೆಗೆ. ಹೊಸದಾಗಿ ಯಾರಾದರೂ ಮಾಡಿದ ಗಿಟಾರ್ ಅಥವಾ ಪಿಯಾನೊ ರೂಪಾಂತರಕ್ಕೂ ಪ್ರತ್ಯೇಕ ಹಕ್ಕಿರುತ್ತದೆ.

ಈಗ ಆ ಟ್ರ್ಯಾಕನ್ನು ತೆಗೆದುಬಿಡಿ. ಮ್ಯೂಸಿಕ್ ಲೈಬ್ರರಿಯಿಂದ ಲೈಸೆನ್ಸ್ ಕೊಳ್ಳುವುದು ಸುಲಭದ ದಾರಿ. ಅದರಲ್ಲಿ ‘ಜಾಹೀರಾತು’ ಬಳಕೆ ಸೇರಿದೆಯೇ ಎಂದು ಓದಿ ನೋಡಿ. ವೈಯಕ್ತಿಕ ವಿಡಿಯೊಗೆ ಸಿಗುವ ಅನುಮತಿ ಜಾಹೀರಾತಿಗೆ ಸಲ್ಲುವುದಿಲ್ಲ. ಷರತ್ತಿನ ಮೇಲೆ ಉಚಿತ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ‘ಎನ್‌ಸಿ’ (ವಾಣಿಜ್ಯ ಬಳಕೆಗೆ ಅಲ್ಲ) ಗುರುತಿದ್ದರೆ ಮುಟ್ಟಬೇಡಿ. ನೀವೇ ವಾದಕರನ್ನು ಕರೆಸಿ ನುಡಿಸಿದರೆ ಬಳಕೆಯ ಹಕ್ಕನ್ನು ಬರವಣಿಗೆಯಲ್ಲಿ ಪಡೆಯಿರಿ. ಸ್ವರಗಳು ಒಂದೇ ಆದ್ದರಿಂದ ಯೂಟ್ಯೂಬಿನ ಸ್ವಯಂಚಾಲಿತ ತಪಾಸಣೆಯು ನಿಮ್ಮ ಸ್ವಂತ ರೆಕಾರ್ಡಿಂಗನ್ನೂ ಬೇರೆಯವರದೆಂದು ಗುರುತಿಸುವುದುಂಟು. ಆಕ್ಷೇಪಣೆ ಸಲ್ಲಿಸುವಾಗ ಆ ಪತ್ರ ಬೇಕಾಗುತ್ತದೆ.

ಇನ್ನು ಎಡಿಟಿಂಗ್. ಎಲ್ಲರೂ ಮೊದಲಿನಿಂದ ಹಾಕುತ್ತಾ ಹೋಗಿ 30ನೇ ಸೆಕೆಂಡಿನಲ್ಲಿ ಫೇಡ್ ಮಾಡುತ್ತಾರೆ, ಅಂದರೆ ಸದ್ದನ್ನು ಇಳಿಸಿಬಿಡುತ್ತಾರೆ. ಸಂಗೀತ ಕಲಿಯದ ಕಿವಿಗೂ ಅದು ಅರ್ಧಕ್ಕೆ ನಿಂತದ್ದು ತಿಳಿಯುತ್ತದೆ. ಕೊನೆಯಿಂದ ಜೋಡಿಸಿ. ಕೃತಿಯ ಮುಕ್ತಾಯದ ಸ್ವರ 28ನೇ ಸೆಕೆಂಡಿಗೆ ಬೀಳುವಂತೆ ಕೂರಿಸಿ, ಉಳಿದ ಎರಡು ಸೆಕೆಂಡನ್ನು ಸಭಾಂಗಣದ ಅನುರಣನ ತಾನಾಗಿ ಆರಲು ಬಿಡಿ. ಆಮೇಲೆ ಆರಂಭವನ್ನು ಸೊನ್ನೆಯಿಂದ ಇಡಿ. ನಡುವೆ 12ರಿಂದ 18ನೇ ಸೆಕೆಂಡಿನೊಳಗೆ ಎರಡೂ ಕೂಡುವ ಜಾಗ ಹುಡುಕಿ. ವಿವಾಲ್ಡಿಯ ಕನ್ಸರ್ಟೊಗಳಲ್ಲಿ (ಒಂಟಿ ವಾದ್ಯ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿಗಳು) ಆರಂಭದ ಭಾಗ ಪಲ್ಲವಿಯ ಹಾಗೆ ಮತ್ತೆ ಮತ್ತೆ ಬರುವುದರಿಂದ ಜಾಗ ಸಿಗುತ್ತದೆ. ಆದರೆ ಅದು ಕೆಲವೊಮ್ಮೆ ಬೇರೆ ಶ್ರುತಿಯಲ್ಲಿ ಮರಳುತ್ತದೆ. ಶ್ರುತಿ ಹೊಂದದಿದ್ದರೆ, ಒಂದು ತುಣುಕು ಇಳಿಯುತ್ತಾ ಇನ್ನೊಂದು ಏರುವ ಯಾವ ಕ್ರಾಸ್‌ಫೇಡೂ ಉಳಿಸದು. ಆರ್ಕೆಸ್ಟ್ರಾದ ಲಯ ಗಡಿಯಾರದಂತೆ ನಡೆಯುವುದಿಲ್ಲವಾದ್ದರಿಂದ ಸಾಫ್ಟ್‌ವೇರು ತೋರಿಸುವ ತಾಳದ ಗೆರೆಗಳನ್ನು ನೆಚ್ಚಬೇಡಿ. ಕಮಾನು ತಂತಿಗೆ ತಾಗುವ ತುಸು ಮುಂಚೆ ಕತ್ತರಿಸಿ, 10ರಿಂದ 20 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಡಿ.

ಮಾತು ಮುಚ್ಚಿಹೋಗಲು ಕಾರಣ ಪಿಟೀಲು. ವ್ಯಂಜನಗಳ ಸ್ಪಷ್ಟತೆ ಇರುವ 2ರಿಂದ 4 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲೇ ಅದರ ಹೊಳಪೂ ಇದೆ. ಸಂಗೀತದ ಟ್ರ್ಯಾಕಿನಲ್ಲಿ ಅಲ್ಲಿ 3 ಡೆಸಿಬಲ್ ತಗ್ಗಿಸಿ, ಮಾತಿನ ಅಡಿಯಲ್ಲಿ ಒಟ್ಟು ಸಂಗೀತವನ್ನು 12ರಿಂದ 15 ಡೆಸಿಬಲ್ ಕೆಳಗಿಡಿ. ಇದಕ್ಕಿಂತ ಒಳ್ಳೆಯದು ಸರಿಯಾದ ಭಾಗವನ್ನು ಆರಿಸುವುದು. ‘ಫೋರ್ ಸೀಸನ್ಸ್’ನ ನಾಲ್ಕು ಭಾಗಗಳಲ್ಲಿ ಒಂದಾದ ‘ವಿಂಟರ್’ನ ಮೊದಲ ಸಾಲುಗಳನ್ನು ಕೇಳಿ: ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊದಿಂದ ಶುರುವಾಗಿ ವಾದ್ಯಗಳು ಒಂದೊಂದಾಗಿ ಸೇರುತ್ತಾ ಒಂದೇ ಸಮನೆ ಮಿಡಿಯುತ್ತವೆ, ರಾಗದ ಎಳೆಯೇ ಇಲ್ಲ. ಮಾತಿಗೆ ಹೇಳಿ ಮಾಡಿಸಿದ ಜಾಗ ಅದು. ಒಂಟಿ ಪಿಟೀಲು ಏರಿ ಬರುವಷ್ಟರಲ್ಲಿ ಮಾತು ಮುಗಿದಿರಲಿ. ಫೋನಿನ ಸ್ಪೀಕರಿನಲ್ಲೂ ಕೇಳಿ ನೋಡಿ. ಚೆಲ್ಲೊದ ತಗ್ಗು ಸ್ವರಗಳು ಅದರಲ್ಲಿ ಬಹುಪಾಲು ಮಾಯವಾಗುತ್ತವೆ, ಆಗ ಮೇಲಿನ ವಾದ್ಯಗಳು ಸೇರಿದ ನಂತರದಿಂದ ತುಣುಕನ್ನು ಆರಂಭಿಸಿ.