ಡಿಸ್ಟಿಲರಿ ಕಾಲಮ್‌ನಲ್ಲಿ ಅಷ್ಟೊಂದು ಟ್ರೇ ಯಾಕೆ?

ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಹಾಗಿದ್ದರೆ 80ಕ್ಕೆ ಕಾಯಿಸಿ ಆವಿ ಹಿಡಿದರೆ ಆಯ್ತಲ್ಲ, ಆಲ್ಕೋಹಾಲ್ ಬೇರ್ಪಡಿಸುವ ಎತ್ತರದ ಗೋಪುರದಲ್ಲಿ, ಅಂದರೆ ಕಾಲಮ್‌ನಲ್ಲಿ, ಒಂದರ ಮೇಲೊಂದು ಅಷ್ಟೊಂದು ಟ್ರೇ ಯಾಕೆ ಅಂತ ಕೇಳಿದ್ದೀರಿ. ಸಮಸ್ಯೆ ಏನಂದ್ರೆ, ಕಾಕಂಬಿ ಹುಳಿಸಿ ಬಂದ ವಾಶ್‌ನಲ್ಲಿ ತೂಕದ ಲೆಕ್ಕದಲ್ಲಿ ಆಲ್ಕೋಹಾಲ್ ನೂರಕ್ಕೆ 10 ಇದ್ದರೆ ಅದು 80ಕ್ಕೆ ಕುದಿಯೋದೇ ಇಲ್ಲ. 91 ದಾಟಬೇಕು. ಕುದ್ದಾಗ ಬರುವ ಆವಿಯಲ್ಲೂ ಅರ್ಧದಷ್ಟು ನೀರೇ.

ಆ ಆವಿಯನ್ನು ತಣಿಸಿ ಮತ್ತೆ ಕುದಿಸಿದರೆ ಆವಿಯಲ್ಲಿ ಆಲ್ಕೋಹಾಲ್ ನೂರಕ್ಕೆ 77ರ ಹತ್ತಿರ ಬರುತ್ತದೆ, ಇನ್ನೊಮ್ಮೆ ಮಾಡಿದರೆ 84ರ ಆಸುಪಾಸು. ಗಮನಿಸಿ, ಪ್ರತಿ ಸಲವೂ ಲಾಭ ಕಮ್ಮಿಯಾಗುತ್ತಾ ಹೋಗುತ್ತದೆ. ಹೀಗೆ ತಣಿಸಿ ಕುದಿಸುವ ಕೆಲಸವನ್ನೇ ಒಂದರ ಮೇಲೊಂದು ಟ್ರೇ ಮಾಡುತ್ತವೆ, ಅದೂ ಪ್ರತಿ ಟ್ರೇಗೂ ಬೇರೆ ಬೆಂಕಿ ಇಲ್ಲದೆ. ಶಾಖ ಕೊಡುವುದು ತಳದಲ್ಲಿ ಮಾತ್ರ. ಟ್ರೇ ತುಂಬ ತೂತು, ಅದರ ಮೇಲೆ ದ್ರವ ಹರಿಯುತ್ತಿರುತ್ತದೆ, ಕೆಳಗಿನಿಂದ ಬಂದ ಆವಿ ಅದರೊಳಗೆ ಗುಳ್ಳೆಯಾಗಿ ನುಗ್ಗುತ್ತದೆ. ಆವಿಯಲ್ಲಿನ ನೀರು ಹೆಚ್ಚಾಗಿ ತಣಿದು ದ್ರವಕ್ಕೆ ಸೇರಿಕೊಳ್ಳುತ್ತದೆ, ತಣಿಯುವಾಗ ಬಿಟ್ಟ ಶಾಖದಿಂದಲೇ ದ್ರವದಲ್ಲಿದ್ದ ಆಲ್ಕೋಹಾಲ್ ಆವಿಯಾಗಿ ಮೇಲೇಳುತ್ತದೆ. ನನಗಂತೂ ಇಡೀ ಕಾಲಮ್‌ನಲ್ಲಿ ಇಷ್ಟವಾಗುವುದು ಇದೇ. ಟ್ರೇ ಅಂಚಿನ ಗಿಡ್ಡ ತಡೆ, ಅಂದರೆ ವಿಯರ್, ದಾಟಿದ ದ್ರವ ಡೌನ್‌ಕಮರ್ ಅನ್ನುವ ಇಳಿಗಾಲುವೆ ಮೂಲಕ ಕೆಳಗಿನ ಟ್ರೇಗೆ ಇಳಿಯುತ್ತದೆ.

ಸರಿ, ಫೀಡ್, ಅಂದರೆ ಕಾಲಮ್‌ಗೆ ಹೊರಗಿನಿಂದ ಬಿಡುವ ದ್ರವ, ಬೀಳುವ ಜಾಗಕ್ಕಿಂತ ಮೇಲಿನ ಟ್ರೇಗಳಿಗೆ ದ್ರವ ಎಲ್ಲಿಂದ ಬರಬೇಕು? ತುದಿಯಲ್ಲಿ ಸಿಕ್ಕಿದ ಒಳ್ಳೆ ಸ್ಪಿರಿಟ್‌ನಲ್ಲೇ ಒಂದು ಪಾಲನ್ನು ವಾಪಸ್ ಸುರಿಯುತ್ತೇವೆ, ಅದೇ ರಿಫ್ಲಕ್ಸ್. ಹೊಸಬರಿಗೆ ಇದು ನಷ್ಟ ಅನ್ನಿಸುತ್ತದೆ, ಆದರೆ ನಿಲ್ಲಿಸಿದರೆ ಆ ಟ್ರೇಗಳು ಸುಮ್ನೆ ತೂತಿನ ತಗಡು ಅಷ್ಟೇ. ಜಾಸ್ತಿ ಮಾಡಿದರೆ ಸ್ಪಿರಿಟ್‌ನಲ್ಲಿ ಆಲ್ಕೋಹಾಲ್ ಪ್ರಮಾಣ ಹೆಚ್ಚುತ್ತದೆ, ಜೊತೆಗೆ ಸ್ಟೀಮ್ ಖರ್ಚೂ ಏರುತ್ತದೆ.

ಆವಿ ಕಮ್ಮಿಯಾದರೆ ದ್ರವ ತೂತಿನಲ್ಲೇ ಸೋರಿಹೋಗುತ್ತದೆ. ಅತಿಯಾದರೆ ದ್ರವ ಇಳಿಯಲಾರದೆ ಡೌನ್‌ಕಮರ್ ಕಟ್ಟಿಕೊಂಡು ಕಾಲಮ್ ತುಂಬುತ್ತದೆ. ಅದಕ್ಕೇ ನಾನು ಶಿಫ್ಟ್‌ನಲ್ಲಿ ತಾಪಮಾನದ ಜೊತೆಗೆ ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸದ ಮೇಲೂ ಕಣ್ಣಿಟ್ಟಿರುತ್ತೇನೆ.

ಇನ್ನೂ ಟ್ರೇ ಸೇರಿಸುತ್ತಾ ಹೋದರೆ 100 ಬರುತ್ತಾ ಅಂದರೆ, ಇಲ್ಲ. ಆಲ್ಕೋಹಾಲ್ ತೂಕದಲ್ಲಿ ನೂರಕ್ಕೆ 95.6 ಆದಾಗ ಆವಿಯೂ ದ್ರವವೂ ಒಂದೇ ಪ್ರಮಾಣದವಾಗಿ ಬಿಡುತ್ತವೆ, ಬೇರ್ಪಡಿಸಲು ವ್ಯತ್ಯಾಸವೇ ಉಳಿಯಲ್ಲ. ಪೆಟ್ರೋಲ್‌ಗೆ ಬೆರೆಸುವ ಎಥನಾಲ್ ಬೇಕಂದರೆ ಅಲ್ಲಿಂದ ಮಾಲಿಕ್ಯುಲರ್ ಸೀವ್‌ಗೆ ಕಳಿಸುತ್ತೇವೆ, ಅದು ನೀರನ್ನಷ್ಟೇ ಹಿಡಿದಿಟ್ಟುಕೊಂಡು 99.5ರ ಮೇಲಕ್ಕೆ ಮುಟ್ಟಿಸುತ್ತದೆ.