ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿನಿಂದ ಶುರು ಮಾಡಿ ಎಂಜಿನಿಯರ್ ಅಥವಾ ವಿಜ್ಞಾನಿ ಆಗಬಹುದೇ?

ಧಾರಾಳವಾಗಿ ಆಗಬಹುದು. ನಮ್ಮಲ್ಲಿ ಪಾಲಿಟೆಕ್ನಿಕ್ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುವುದಿಲ್ಲವೇ, ಹೆಚ್ಚುಕಡಿಮೆ ಹಾಗೆಯೇ. ಮೊದಲ ಎರಡು ವರ್ಷ ಕಡಿಮೆ ಶುಲ್ಕದ ಕಮ್ಯುನಿಟಿ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ. ಕೊನೆಗೆ ಕೈಗೆ ಬರುವ ಪದವಿ ವಿಶ್ವವಿದ್ಯಾಲಯದ್ದೇ.

ಗಗನಯಾತ್ರಿ ಐಲೀನ್ ಕಾಲಿನ್ಸ್ ಅವರನ್ನೇ ನೋಡಿ. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ 1976ರಲ್ಲಿ ಎರಡು ವರ್ಷದ ಪದವಿ ಪಡೆದು, ಮುಂದೆ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋದರು. 1999ರಲ್ಲಿ ಕೊಲಂಬಿಯಾ ನೌಕೆಯನ್ನು ಮುನ್ನಡೆಸಿ, ಅಮೆರಿಕದ ಬಾಹ್ಯಾಕಾಶ ನೌಕೆಯೊಂದರ ಮೊದಲ ಮಹಿಳಾ ಕಮಾಂಡರ್ ಎನಿಸಿಕೊಂಡರು. (ಕಲ್ಪನಾ ಚಾವ್ಲಾ ಎರಡೂ ಬಾರಿ ಹಾರಿದ್ದು ಇದೇ ನೌಕೆಯಲ್ಲಿ.) ಜೀನೋಮ್ ವಿಜ್ಞಾನಿ ಕ್ರೇಗ್ ವೆಂಟರ್ ಓದು ಆರಂಭಿಸಿದ್ದೂ ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೊದ ಇಂಥದೇ ಕಾಲೇಜಿನಲ್ಲಿ.

ಜನ ಎಡವುವುದು ಗಣಿತದಲ್ಲಿ. ಕಷ್ಟ ಎಂದಲ್ಲ, ಸರದಿಯ ಕಾರಣಕ್ಕೆ. ಎಂಜಿನಿಯರಿಂಗ್‌ಗೆ ಕಲನಶಾಸ್ತ್ರದ (ಕ್ಯಾಲ್ಕ್ಯುಲಸ್) ಕೋರ್ಸುಗಳು ಒಂದಾದ ಮೇಲೊಂದು ಬರಬೇಕು, ಆಮೇಲೆ ಅವಕಲ ಸಮೀಕರಣಗಳು (ಡಿಫರೆನ್ಷಿಯಲ್ ಈಕ್ವೇಷನ್ಸ್). ಭೌತಶಾಸ್ತ್ರವೂ ಕಲನಶಾಸ್ತ್ರಕ್ಕಾಗಿ ಕಾದು ಕೂತಿರುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಬೀಜಗಣಿತದಿಂದ ಹೊರಟರೆ ಎರಡು ವರ್ಷ ಮೂರಾಗುವುದು ಸಾಮಾನ್ಯ. ಸೇರುವ ಮುನ್ನ ಪಿಯುಸಿ ಗಣಿತವನ್ನು ಚೆನ್ನಾಗಿ ತಿರುವಿಹಾಕಿ.

ಇನ್ನೊಂದು, ಯಾವ ಕೋರ್ಸನ್ನು ಯಾವ ವಿಶ್ವವಿದ್ಯಾಲಯ ಒಪ್ಪುತ್ತದೆ ಎಂಬುದನ್ನು ಮೊದಲ ವಾರವೇ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಂದೇ ‘ಅಸಿಸ್ಟ್’ ಎಂಬ ಜಾಲತಾಣವಿದೆ. ಕಾಲೇಜು, ವಿಶ್ವವಿದ್ಯಾಲಯ, ವಿಷಯ ಆರಿಸಿದರೆ ಎರಡೂ ಕಡೆಯ ಕೋರ್ಸುಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತದೆ.